ಕರಿ ಚೂರು ಉದುರಿತು ಅಂತ ಹೆಡ್‌ಫೋನ್ ಬಿಸಾಡಬೇಡಿ

ಬೆಳಗ್ಗೆ ಎಂಟು ಗಂಟೆ ಕ್ಲಾಸು. ಮುಂದಿನ ಬೆಂಚಿನವನ ಕೆನ್ನೆ ಮೇಲೆ, ಕಿವಿ ಹಿಂದೆ ಕರಿ ಕರಿ ಚೂರು ಅಂಟಿಕೊಂಡಿದೆ. "ಏನೋ, ಕಾಡಿಗೆ ಹಚ್ಕೊಂಡು ಬಂದಿದ್ದೀಯಾ?" ಅಂತ ಪಕ್ಕದವನು ನಗ್ತಾನೆ. ಇವನು ಕೆನ್ನೆ ಒರೆಸಿಕೊಳ್ಳುತ್ತಾ, "ಹೆಡ್‌ಫೋನ್ ಮಗಾ, ಪ್ಯಾಡ್ ಕಿತ್ತೋಗಿದೆ. ಮುಂದಿನ ತಿಂಗಳು ಹೊಸದು ತಗೋಬೇಕು" ಅಂತಾನೆ. ಅಷ್ಟರಲ್ಲಿ ಮೇಷ್ಟ್ರು ಬರ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತೆ.

ಈ ಮಾತನ್ನ ನಾವು ಎಷ್ಟು ಸಲ ಕೇಳಿದ್ದೀವಿ, ಎಷ್ಟು ಸಲ ನಾವೇ ಆಡಿದ್ದೀವಿ! ಕಳೆದ ಸೆಮಿಸ್ಟರ್ ರಜೆಗೆ ಮುಂಚೆ ಹಾಸ್ಟೆಲ್ ರೂಮು ಖಾಲಿ ಮಾಡುವಾಗ ನಮ್ಮ ವಿಂಗಿನ ಕಪಾಟುಗಳ ಮೇಲಿಂದ ಇಳಿದ ಹಳೇ ಹೆಡ್‌ಫೋನುಗಳನ್ನ ಒಂದು ಕಡೆ ಗುಡ್ಡೆ ಹಾಕಿ, ಒಂದೊಂದನ್ನೇ ಮೊಬೈಲಿಗೆ ಚುಚ್ಚಿ ನೋಡಿದ್ವಿ. ಒಂದರ ವೈರು ತುಂಡಾಗಿತ್ತು, ಇನ್ನೊಂದರ ಹೆಡ್‌ಬ್ಯಾಂಡ್ ಮುರಿದಿತ್ತು. ಉಳಿದವು ಚೆನ್ನಾಗಿ ಹಾಡ್ತಾ ಇದ್ದವು. ಅವುಗಳಿಗೆ ಆಗಿದ್ದ ಕಾಯಿಲೆ ಒಂದೇ, ಪ್ಯಾಡ್ ಸವೆದು ಸಿಪ್ಪೆ ಎದ್ದಿತ್ತು. ಅಷ್ಟಕ್ಕೇ ಅವು ಕಸವಾಗಿದ್ದವು.

ನಾವು ಈ ಬರಹದಲ್ಲಿ ಹೇಳೋಕೆ ಹೊರಟಿರೋದು ಎರಡು ಮಾತು. ಒಂದು, ಇಯರ್‌ಪ್ಯಾಡ್ ಅನ್ನೋದು ಕಿವಿಗೆ ಇಟ್ಟ ದಿಂಬಲ್ಲ, ಅದು ಹೆಡ್‌ಫೋನಿನ ಸದ್ದನ್ನ ರೂಪಿಸುವ ಯಂತ್ರದ ಒಂದು ಭಾಗ. ಎರಡು, ಸವೆದ ಪ್ಯಾಡನ್ನ ಹಾಗೇ ಹಾಕ್ಕೊಂಡು ಕೇಳೋದು ದುಡ್ಡಿಗಿಂತ ಹೆಚ್ಚಾಗಿ ಕಿವಿಗೆ ನಷ್ಟ. ಆದ್ದರಿಂದ ಹೊಸ ಹೆಡ್‌ಫೋನ್ ಹುಡುಕುವ ಮೊದಲು ಪ್ಯಾಡ್ ನೋಡಿ, ಪ್ಯಾಡ್ ಬದಲಿಸಿ. ಆಮೇಲೂ ಬೇಜಾರಾದರೆ ಹೊಸದು ಇದ್ದೇ ಇದೆ.

ಪ್ಯಾಡ್ ಮಾಡೋ ಕೆಲಸ ಏನು?

ಡ್ರೈವರ್ ಅಂದರೆ ಒಂದು ಪುಟಾಣಿ ಸ್ಪೀಕರ್. ಅದರ ಪೊರೆ ಹಿಂದೆ ಮುಂದೆ ಅಲುಗಾಡಿ ಗಾಳಿಯನ್ನ ತಳ್ಳುತ್ತೆ. ಮನೆಯ ಹಾಲಿನಲ್ಲಿಟ್ಟ ಸ್ಪೀಕರು ಇಡೀ ಕೋಣೆಯ ಗಾಳಿಯನ್ನ ಅಲುಗಿಸಬೇಕು. ಹೆಡ್‌ಫೋನಿನ ಡ್ರೈವರಿಗೆ ಅಂಥ ಕಷ್ಟ ಇಲ್ಲ. ಅದರ ಕೋಣೆ ಬಹಳ ಸಣ್ಣದು: ಒಂದು ಕಡೆ ಡ್ರೈವರ್, ಇನ್ನೊಂದು ಕಡೆ ನಿಮ್ಮ ಕಿವಿ, ಸುತ್ತಲೂ ಗೋಡೆಯಾಗಿ ಪ್ಯಾಡ್. ಈ ಸಣ್ಣ ಕೋಣೆ ಗಾಳಿ ಸೋರದ ಹಾಗೆ ಮುಚ್ಚಿದ್ದರೆ, ಪೊರೆ ಚೂರು ಅಲುಗಾಡಿದರೂ ಒಳಗಿನ ಒತ್ತಡ ಏರಿಳಿಯುತ್ತೆ. ಬೆರಳಿನಿಂದ ತುದಿ ಮುಚ್ಚಿಕೊಂಡು ಸಿರಿಂಜ್ ಒತ್ತಿ ನೋಡಿ, ಒತ್ತಡ ಕೈಗೆ ಗೊತ್ತಾಗುತ್ತೆ. ಬೆರಳು ತೆಗೆದು ಒತ್ತಿದರೆ ಏನೂ ಇಲ್ಲ, ಗಾಳಿ ಪುಸ್ಸಂತ ಹೋಗುತ್ತೆ. ನಾವು ಬೇಸ್ ಅಂತ ಕರೆಯುವ ತಗ್ಗಿನ ಸದ್ದು ಹೆಡ್‌ಫೋನಿನಲ್ಲಿ ಹುಟ್ಟೋದು ಬಹುಮಟ್ಟಿಗೆ ಹೀಗೆ, ಮುಚ್ಚಿದ ಕೋಣೆಯ ಒತ್ತಡದಿಂದ.

ಆ ಗೋಡೆಯಲ್ಲಿ ಸಂದು ಬಿದ್ದರೆ? ನಮ್ಮಲ್ಲಿ ಅರ್ಧ ಜನಕ್ಕೆ ಕನ್ನಡಕ ಇರೋದರಿಂದ ಅದನ್ನೇ ಉದಾಹರಣೆ ತಗೊಂಡು ಒಂದು ಒರಟು ಲೆಕ್ಕ ಮಾಡೋಣ. ಪ್ಯಾಡಿನ ಒಳಗಿನ ಗಾಳಿ 80 ಘನ ಸೆಂಟಿಮೀಟರ್ ಅಂದ್ಕೊಳ್ಳಿ. ಕನ್ನಡಕದ ಕಡ್ಡಿ ಪ್ಯಾಡನ್ನ ಎತ್ತಿ ಹಿಡಿದ ಜಾಗದಲ್ಲಿ 6 ಚದರ ಮಿಲಿಮೀಟರ್ ಸಂದು. ಪ್ಯಾಡಿನ ಅಗಲ 20 ಮಿಲಿಮೀಟರ್, ಅಂದರೆ ಸಂದಿನ ಉದ್ದ ಅಷ್ಟು. ಇದು ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಬರುವ ಸದ್ದಿನ ಲೆಕ್ಕವೇ, ಹೆಲ್ಮ್‌ಹೋಲ್ಟ್ಸ್ ಅನುರಣನ. ಸಂದಿನ ವಿಸ್ತೀರ್ಣವನ್ನ ಕೋಣೆಯ ಗಾತ್ರ ಮತ್ತು ಸಂದಿನ ಉದ್ದ ಎರಡರಿಂದಲೂ ಭಾಗಿಸಿ, ವರ್ಗಮೂಲ ತೆಗೆದು, ಶಬ್ದದ ವೇಗದಿಂದ ಗುಣಿಸಿ, ಎರಡು ಪೈನಿಂದ ಭಾಗಿಸಿ. ಉತ್ತರ ಸುಮಾರು 105 ಹರ್ಟ್ಜ್ ಬರುತ್ತೆ. ಗಾಳಿಯ ತಿಕ್ಕಾಟ ಲೆಕ್ಕಕ್ಕೆ ಹಿಡಿದಿಲ್ಲ, ಆದರೂ ಅಂದಾಜಿಗೆ ಸಾಕು. ಇದರ ಅರ್ಥ ಏನಂದರೆ, ಆ ಆವರ್ತನಕ್ಕಿಂತ ಕೆಳಗಿನ ಸದ್ದಿಗೆ ಆ ಸಂದು ತೆರೆದ ಬಾಗಿಲಿದ್ದ ಹಾಗೆ. ಕೆಳಗಿಳಿದಷ್ಟೂ ಹೆಚ್ಚು ಸೋರುತ್ತೆ. ಸಿಗ್ನಲ್ಸ್ ಕ್ಲಾಸಿನಲ್ಲಿ ಓದಿದ ಹೈ ಪಾಸ್ ಫಿಲ್ಟರ್ ನಿಮ್ಮ ಕೆನ್ನೆ ಮೇಲೇ ಕೂತಿದೆ!

ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಜ್. ಈ ಸಂದಿರುವ ಹೆಡ್‌ಫೋನಿನಲ್ಲಿ ಆ ಸ್ವರ ಹತ್ತು ಡೆಸಿಬೆಲ್‌ಗಿಂತಲೂ ಹೆಚ್ಚು ಕುಗ್ಗಬಹುದು. ಡೊಳ್ಳಿನ ಗುಡುಗು ಡಬ್ಬ ಬಡಿದ ಹಾಗೆ ಕೇಳುತ್ತೆ. ಹೆಡ್‌ಫೋನ್ ಹಳೇದಾಯ್ತು, ಬೇಸ್ ಹೋಯ್ತು ಅಂತ ನಾವು ಅಂದ್ಕೋತೀವಿ. ಡ್ರೈವರ್ ಪಾಪ ಮೊದಲ ದಿನ ಮಾಡ್ತಿದ್ದ ಕೆಲಸವನ್ನೇ ಇವತ್ತೂ ಮಾಡ್ತಾ ಇರುತ್ತೆ. ಹೋಗಿರೋದು ಗೋಡೆ. ಸಿಪ್ಪೆ ಎದ್ದ ಪ್ಯಾಡು, ಚಪ್ಪಟೆಯಾದ ಫೋಮು, ಹೊಲಿಗೆ ಬಿಟ್ಟ ಅಂಚು, ಎಲ್ಲವೂ ಸೇರಿ ಅಂಥದೇ ಸಂದು ಮಾಡುತ್ತವೆ.

ನಂಬಿಕೆ ಬರಲಿಲ್ಲ ಅಂದರೆ ಈಗಲೇ ಪರೀಕ್ಷೆ ಮಾಡಿ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕ್ಕೊಂಡು, ಸಣ್ಣ ವಾಲ್ಯೂಮಿನಲ್ಲಿ 50 ಹರ್ಟ್ಜ್ ಸದ್ದು ಹಾಕಿ. ಟೋನ್ ಜನರೇಟರ್ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಎರಡೂ ಅಂಗೈಯಿಂದ ಕಪ್ಪುಗಳನ್ನ ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದಾಗ ಸದ್ದು ಎದ್ದು ಬಂದರೆ, ಬಿಟ್ಟಾಗ ಇಳಿದರೆ, ಪ್ಯಾಡ್ ಸೋರ್ತಾ ಇದೆ. ಕನ್ನಡಕ ಇರುವವರು ಒಮ್ಮೆ ಹಾಕ್ಕೊಂಡು, ಒಮ್ಮೆ ತೆಗೆದು ಇದನ್ನೇ ಮಾಡಿ. ನಮ್ಮ ಗುಂಪಿನಲ್ಲಿ ಇದನ್ನ ಮೊದಲು ಮಾಡಿದಾಗ, ವರ್ಷಗಟ್ಟಲೆ ದಪ್ಪ ಕಡ್ಡಿಯ ಕನ್ನಡಕ ಹಾಕಿದ್ದ ಗೆಳತಿ ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, "ಹಾಗಾದ್ರೆ ನಾನು ಇಷ್ಟು ದಿನ ಅರ್ಧ ಹಾಡು ಕೇಳ್ತಿದ್ನಾ?" ಅಂದಳು.

ಕಿವಿ ಕೊಡೋ ಬೆಲೆ

ಬೇಸ್ ಹೋದರೆ ಹೋಗಲಿ ಬಿಡಿ, ಹಾಡು ಕೇಳುತ್ತಲ್ಲ ಅಂತ ನೀವು ಅನ್ನಬಹುದು. ತೊಂದರೆ ಶುರುವಾಗೋದೇ ಅಲ್ಲಿ. ಹಾಡು ಸಪ್ಪೆ ಅನ್ನಿಸಿದಾಗ ನಾವೆಲ್ಲ ಮಾಡೋದು ಒಂದೇ ಕೆಲಸ, ವಾಲ್ಯೂಮ್ ಏರಿಸ್ತೀವಿ. ವಾಲ್ಯೂಮ್ ಗುಂಡಿಗೆ ಬೇಸ್ ಮಾತ್ರ ಏರಿಸೋದು ಗೊತ್ತಿಲ್ಲ. ಅದು ಎಲ್ಲವನ್ನೂ ಏರಿಸುತ್ತೆ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರೋದು ಸುಮಾರು 2ರಿಂದ 5 ಕಿಲೋಹರ್ಟ್ಜ್ ನಡುವೆ. ಹೋದ ಬೇಸನ್ನ ಹುಡುಕುತ್ತಾ ನಾವು ಆ ಸೂಕ್ಷ್ಮ ಭಾಗಕ್ಕೆ ಹೆಚ್ಚೆಚ್ಚು ಸದ್ದು ಸುರೀತಾ ಇರ್ತೀವಿ.

ಮತ್ತೊಂದು ಕಡೆ, ಒಳಗಿನ ಸದ್ದು ಹೊರಗೆ ಹೋಗುವ ಸಂದಿನಲ್ಲೇ ಹೊರಗಿನ ಸದ್ದು ಒಳಗೂ ಬರುತ್ತೆ. ಬಸ್ಸಿನ ಎಂಜಿನ್, ಮೆಸ್ಸಿನ ತಟ್ಟೆ ಸದ್ದು, ರೂಮ್‌ಮೇಟಿನ ಫೋನ್ ಮಾತು, ಇವನ್ನೆಲ್ಲ ಮೀರಿಸೋಕೆ ಇನ್ನೆರಡು ಗೆರೆ ಮೇಲೆ. ಹೀಗೆ ಸವೆದ ಪ್ಯಾಡು ಎರಡು ಕಡೆಯಿಂದ ನಮ್ಮ ಕೈಯನ್ನ ವಾಲ್ಯೂಮ್ ಗುಂಡಿಗೆ ತಳ್ಳುತ್ತೆ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಾಗ ಶಕ್ತಿ ಎರಡರಷ್ಟಾಗುತ್ತೆ, ಆದ್ದರಿಂದ ಕೇಳಬಹುದಾದ ಹೊತ್ತು ಅರ್ಧವಾಗುತ್ತೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 90 ಡೆಸಿಬೆಲ್ ಮುಟ್ಟಿದರೆ ವಾರಕ್ಕೆ ಬರೀ 4 ಗಂಟೆ. ಈಗ ನಮ್ಮ ದಿನಚರಿ ನೋಡಿ. ಓದುವಾಗ ಹೆಡ್‌ಫೋನು, ಕೋಡ್ ಬರೆಯುವಾಗ ಹೆಡ್‌ಫೋನು, ಗೇಮ್ ಆಡುವಾಗ, ಸಿನಿಮಾ ನೋಡುವಾಗ, ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ. ವಾರಕ್ಕೆ 40 ಗಂಟೆ ಅನ್ನೋದು ನಮಗೆ ದೊಡ್ಡ ಲೆಕ್ಕವೇ ಅಲ್ಲ. ಅಂಥದ್ದರಲ್ಲಿ ಸೋರುವ ಪ್ಯಾಡಿನ ದೆಸೆಯಿಂದ 6 ಡೆಸಿಬೆಲ್ ಏರಿಸಿದರೆ ನಮ್ಮ ಪಾಲಿನ ಹೊತ್ತು ಕಾಲು ಭಾಗಕ್ಕೆ ಇಳೀತು. ಒಳಗಿವಿಯ ಕೂದಲಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಪ್ಯಾಡಿಗೆ ಬದಲಿ ಸಿಗುತ್ತೆ, ಅವಕ್ಕೆ ಸಿಗಲ್ಲ.

ಹಾಯಾಗಿರೋದು ಅಂದರೇನು?

ಪ್ಯಾಡ್ ಆರಿಸುವಾಗ ನಾವು ಕೈಯಿಂದ ಒತ್ತಿ ನೋಡಿ "ಮೆತ್ತಗಿದೆ, ಚೆನ್ನಾಗಿದೆ" ಅಂತೀವಿ. ಅಂಗಡಿಯಲ್ಲಿ ಎರಡು ನಿಮಿಷ ಹಾಯಾಗಿದ್ದದ್ದು ರೂಮಿನಲ್ಲಿ ಎರಡು ಗಂಟೆ ಹಾಯಾಗಿರುತ್ತೆ ಅಂತೇನಿಲ್ಲ. ನೋಡಬೇಕಾದ್ದು ನಾಲ್ಕು: ಒಳಗಿನ ಅಗಲ, ಆಳ, ಬಿಗಿ, ಸೆಕೆ.

ದೊಡ್ಡವರ ಕಿವಿ ಸಾಮಾನ್ಯವಾಗಿ 6ರಿಂದ 7 ಸೆಂಟಿಮೀಟರ್ ಉದ್ದ. ಪ್ಯಾಡಿನ ಒಳಬಾಯಿ ಅದಕ್ಕಿಂತ ಸಣ್ಣದಿದ್ದರೆ ಪ್ಯಾಡು ತಲೆಬುರುಡೆ ಮೇಲೆ ಕೂರುವ ಬದಲು ಕಿವಿ ಮೇಲೇ ಕೂರುತ್ತೆ. ಕಿವಿಯ ಮೃದ್ವಸ್ಥಿ ಗಂಟೆಗಟ್ಟಲೆ ಒತ್ತಿಸಿಕೊಂಡರೆ ನೋಯುತ್ತೆ. ಆಳ ಕಮ್ಮಿ ಇದ್ದರೆ ಕಿವಿಯ ತುದಿ ಡ್ರೈವರಿನ ಮುಂದಿನ ಬಟ್ಟೆಗೆ ತಾಗಿ ಉರಿಯುತ್ತೆ. ಹೊಸದಾಗಿದ್ದಾಗ ಸುಖವಾಗಿದ್ದ ಹೆಡ್‌ಫೋನು ಎರಡನೇ ವರ್ಷಕ್ಕೆ ನೋಯಿಸೋಕೆ ಶುರು ಮಾಡೋದು ಇದಕ್ಕೇ, ಫೋಮು ಕುಸಿದು ಆಳ ಕಳ್ಕೊಂಡಿರುತ್ತೆ.

ಬಿಗಿ ವಿಷಯ ಸ್ವಲ್ಪ ತಮಾಷೆ. ಹೆಡ್‌ಬ್ಯಾಂಡ್ ಒತ್ತುವ ಬಲ ಇರೋದೇ ಇಷ್ಟು. ಅದು ಅಗಲ ಜಾಗಕ್ಕೆ ಹಂಚಿಹೋದರೆ ಒತ್ತಡ ಕಮ್ಮಿ, ಸಣ್ಣ ಜಾಗದ ಮೇಲೆ ಬಿದ್ದರೆ ಜಾಸ್ತಿ. ಬಲವನ್ನ ವಿಸ್ತೀರ್ಣದಿಂದ ಭಾಗಿಸೋದು ನಮಗೆ ಪಿಯುಸಿಯಲ್ಲೇ ಗೊತ್ತು. ನಿಧಾನವಾಗಿ ಕುಗ್ಗಿ ನಿಧಾನವಾಗಿ ಮೇಲೇಳುವ ಮೆಮೊರಿ ಫೋಮ್ ಒಳ್ಳೇದು ಅನ್ನೋದು ಈ ಕಾರಣಕ್ಕೆ. ಅದು ದವಡೆಯ ಏರು, ಕಿವಿ ಹಿಂದಿನ ತಗ್ಗು, ಕನ್ನಡಕದ ಕಡ್ಡಿ ಎಲ್ಲದರ ಸುತ್ತ ಇಳಿದು ಭಾರವನ್ನ ಹಂಚುತ್ತೆ, ಜೊತೆಗೆ ಸಂದನ್ನೂ ಮುಚ್ಚುತ್ತೆ. ಈ ಫೋಮು ಹುಟ್ಟಿದ್ದು 1966ರಲ್ಲಿ, ನಾಸಾದ ಏಮ್ಸ್ ಸಂಶೋಧನಾ ಕೇಂದ್ರದ ಕೆಲಸಕ್ಕಾಗಿ ಚಾರ್ಲ್ಸ್ ಯೋಸ್ಟ್ ರೂಪಿಸಿದ ಆಸನದ ಮೆತ್ತೆಯಾಗಿ. ವಿಮಾನದ ಸೀಟಿಗೆ ಅಂತ ಬಂದದ್ದು ಈಗ ನಮ್ಮ ಕಿವಿ ಸುತ್ತ ಕೂತಿದೆ.

ಸೆಕೆಗೆ ಹೊದಿಕೆ ಕಾರಣ. ನಮ್ಮ ಹೆಚ್ಚಿನ ಹೆಡ್‌ಫೋನುಗಳಲ್ಲಿ ಇರೋದು ರೆಕ್ಸಿನ್ ಥರದ ಕೃತಕ ಚರ್ಮ, ಅಂದರೆ ಬಟ್ಟೆ ಮೇಲೆ ಪಾಲಿಯುರೆಥೇನ್ ಲೇಪ. ಇದು ಗಾಳಿ ಬಿಡಲ್ಲ. ಹಾಗಾಗಿ ಬೇಸ್ ಚೆನ್ನಾಗಿ ನಿಲ್ಲುತ್ತೆ, ಹೊರಗಿನ ಸದ್ದೂ ತಡೆಯುತ್ತೆ, ಆದರೆ ಏಪ್ರಿಲ್ ತಿಂಗಳಲ್ಲಿ ಕಿವಿ ಬೆಂದು ಹೋಗುತ್ತೆ. ಇದರ ಇನ್ನೊಂದು ದೌರ್ಬಲ್ಯ ತೇವ. ನೀರಿನ ಅಂಶ ಪಾಲಿಯುರೆಥೇನಿನ ಕೊಂಡಿಗಳನ್ನ ನಿಧಾನವಾಗಿ ಕಡಿಯುತ್ತೆ, ಜಲವಿಭಜನೆ ಅಂತ ಕೆಮಿಸ್ಟ್ರಿಯಲ್ಲಿ ಓದಿದ್ದು ಇದೇ. ಬಿಸಿ, ಬೆವರು, ತಲೆಗೆ ಹಚ್ಚಿದ ಎಣ್ಣೆ ಸೇರಿದರೆ ಇನ್ನೂ ಬೇಗ. ಮಂಗಳೂರು, ಉಡುಪಿ ಕಡೆಯ ಗೆಳೆಯರು ಇದನ್ನ ಚೆನ್ನಾಗಿ ಬಲ್ಲರು, ಅಲ್ಲಿಯ ಮಳೆಗಾಲದ ಗಾಳಿಯಲ್ಲಿ ಬಳಸದೆ ಪೆಟ್ಟಿಗೆಯಲ್ಲಿಟ್ಟ ಪ್ಯಾಡೂ ಸಿಪ್ಪೆ ಏಳುತ್ತೆ. ಆದ್ದರಿಂದ "ನಾನು ಜೋಪಾನವಾಗಿ ಇಟ್ಟಿದ್ದೆ" ಅಂತ ಬೇಸರ ಮಾಡ್ಕೋಬೇಡಿ. ನಿಮ್ಮ ತಪ್ಪಲ್ಲ, ಆ ವಸ್ತುವಿನ ಗುಣವೇ ಹಾಗೆ.

ವೆಲೋರ್ ಅಂದರೆ ಮಖಮಲ್ಲಿನಂಥ ಬಟ್ಟೆ. ಇದು ಸಿಪ್ಪೆ ಏಳಲ್ಲ, ಉಸಿರಾಡುತ್ತೆ, ಸೆಕೆ ಕಮ್ಮಿ. ಆದರೆ ಗಾಳಿ ಉಸಿರಾಡುವ ಕಡೆ ಸದ್ದೂ ಸೋರುತ್ತೆ. ಹಿಂಬದಿ ತೆರೆದಿರುವ ಓಪನ್ ಬ್ಯಾಕ್ ಹೆಡ್‌ಫೋನುಗಳನ್ನ ಹೀಗೆ ಸೋರೋದನ್ನ ಲೆಕ್ಕಕ್ಕೆ ಹಿಡಿದೇ ಮಾಡಿರ್ತಾರೆ. 1968ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 414 ಇಂಥ ಮೊದಲ ಓಪನ್ ಹೆಡ್‌ಫೋನು, ಅದಕ್ಕೆ ಇದ್ದದ್ದು ಬರೀ ಸ್ಪಂಜಿನ ಪ್ಯಾಡು. ಮುಚ್ಚಿದ ಹೆಡ್‌ಫೋನಿಗೆ ಇದೇ ಮಾತು ಹೊಂದಲ್ಲ. ಎರಡರ ನಡುವಿನ ದಾರಿಯೂ ಇದೆ: ಚರ್ಮಕ್ಕೆ ತಾಗುವ ಮುಖ ಬಟ್ಟೆ, ಹೊರಗಿನ ಮತ್ತು ಒಳಗಿನ ಗೋಡೆ ರೆಕ್ಸಿನ್.

ನಾವು ಮಾಡಿಕೊಂಡ ಎಡವಟ್ಟು

ಇದನ್ನೆಲ್ಲ ನಾವು ಓದಿ ತಿಳಿದದ್ದಕ್ಕಿಂತ ಕೆಟ್ಟು ಕಲಿತದ್ದು ಹೆಚ್ಚು. ನಮ್ಮಲ್ಲೊಬ್ಬನ ಮುಚ್ಚಿದ ಹೆಡ್‌ಫೋನಿನ ಪ್ಯಾಡ್ ಹರಿದಿತ್ತು. ಸರ್ವಿಸ್ ಸೆಂಟರಿಗೆ ಹೋದ್ವಿ. "ಪ್ಯಾಡ್ ಒಂದೇ ಬರಲ್ಲ, ವಾರಂಟಿ ಮುಗಿದಿದೆ, ಹೊಸ ಮಾಡೆಲ್ ನೋಡಿ" ಅಂದರು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದ್ವಿ. ಅಲ್ಲಿ ಒಬ್ಬರು ಅಣ್ಣ ಹಳೇ ಪ್ಯಾಡಿಗೆ ಸ್ಕೇಲ್ ಹಿಡಿದು ನೋಡಿ, ಕೆಲವೇ ನೂರು ರೂಪಾಯಿಗೆ ಎರಡು ಥರದ್ದು ಮುಂದಿಟ್ಟರು. ಒಂದು ರೆಕ್ಸಿನ್, ಒಂದು ದಪ್ಪ ವೆಲೋರ್. ನಾವು ಬುದ್ಧಿವಂತರು ನೋಡಿ, ದಪ್ಪ ವೆಲೋರೇ ಇರಲಿ, ಸೆಕೆ ಆಗಲ್ಲ ಅಂತ ತಂದ್ವಿ.

ಹಾಕಿದ ತಕ್ಷಣ ಸ್ವರ್ಗ. ಮೋಡದ ಮೇಲೆ ಕಿವಿ ಇಟ್ಟ ಹಾಗೆ. ಹಾಡು ಹಾಕಿದ್ವಿ, ಬೇಸ್ ಮಾಯ! ಹಾಡುಗಾರರು ಎರಡು ಹೆಜ್ಜೆ ಹಿಂದೆ ಸರಿದ ಹಾಗೆ, ತಾಳದ ಸದ್ದು ಬೇರೆ ಥರ. ಹೆಡ್‌ಫೋನೇ ಬದಲಾಗಿತ್ತು. ಯಾಕೆ? ಬಟ್ಟೆಯಿಂದ ತಗ್ಗಿನ ಸದ್ದು ಸೋರಿತು. ದಪ್ಪ ಪ್ಯಾಡಿನಿಂದ ಡ್ರೈವರ್ ಕಿವಿಯಿಂದ ದೂರ ಹೋಯ್ತು, ಕೋಣೆ ದೊಡ್ಡದಾಯ್ತು. 100 ಹರ್ಟ್ಜ್ ಸದ್ದಿನ ಅಲೆಯುದ್ದ ಸುಮಾರು 3.4 ಮೀಟರ್, ಅದಕ್ಕೆ ಒಂದು ಸೆಂಟಿಮೀಟರ್ ದೂರ ಅನ್ನೋದು ಗಣನೆಗೇ ಇಲ್ಲ. ಆದರೆ 10 ಕಿಲೋಹರ್ಟ್ಜ್ ಸದ್ದಿನ ಅಲೆಯುದ್ದ 3.4 ಸೆಂಟಿಮೀಟರ್. ಅಲ್ಲಿ ಒಂದು ಸೆಂಟಿಮೀಟರ್ ಅಂದರೆ ಅಲೆಯ ಮೂರನೇ ಒಂದು ಪಾಲಿನ ಹತ್ತಿರ. ಪ್ಯಾಡಿನ ಗೋಡೆಗೆ ತಾಗಿ ಮರಳುವ ಅಲೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಕಳೆಯುತ್ತವೆ ಅನ್ನೋದೆಲ್ಲ ಬದಲಾಗುತ್ತೆ. ಅಂದರೆ ಹೊದಿಕೆ ಬೇಸ್ ಕೆಡಿಸಿತು, ದಪ್ಪ ಮೇಲಿನ ಸ್ವರ ಬದಲಿಸಿತು.

ಮುಂದಿನ ವಾರ ಮತ್ತೆ ಹೋಗಿ ರೆಕ್ಸಿನ್ ತಂದ್ವಿ, ಹಳೇ ಪ್ಯಾಡಿನಷ್ಟೇ ಆಳ, ಅಷ್ಟೇ ಒಳಬಾಯಿ. ಹಳೇ ಸದ್ದು ವಾಪಸ್ ಬಂತು. ಎರಡೂ ಸೇರಿ ಖರ್ಚಾದದ್ದು ಹೊಸ ಹೆಡ್‌ಫೋನಿನ ಬೆಲೆಯ ಒಂದು ಚೂರು ಪಾಲು. ಕಲಿತ ಪಾಠ ಒಂದೇ. ಮೊದಲ ಸಲ ಬದಲಿಸುವಾಗ ಮೂಲ ಪ್ಯಾಡಿಗೆ ಆದಷ್ಟು ಹತ್ತಿರದ್ದನ್ನೇ ತಗೊಳ್ಳಿ, ಪ್ರಯೋಗ ಆಮೇಲೆ.

ನಾಯ್ಸ್ ಕ್ಯಾನ್ಸಲಿಂಗ್ ಇರುವ ಹೆಡ್‌ಫೋನುಗಳಲ್ಲಿ ಇನ್ನೂ ಹುಷಾರಾಗಿರಬೇಕು. ಅವುಗಳ ಕಪ್ಪಿನ ಒಳಗೆ ಮೈಕ್ ಇರುತ್ತೆ. ಅದು ಒಳಗಿನ ಸದ್ದು ಕೇಳಿ, ತಿರುಗುಮುರುಗಾದ ಅಲೆ ಹುಟ್ಟಿಸಿ ಗದ್ದಲ ಕಳೆಯುತ್ತೆ. ಆ ಫೀಡ್‌ಬ್ಯಾಕ್ ಲೂಪನ್ನ ಕಂಪನಿಯವರು ಇಷ್ಟೇ ಗಾತ್ರದ, ಇಷ್ಟೇ ಬಿಗಿಯಾಗಿ ಮುಚ್ಚಿದ ಕೋಣೆ ಅಂತ ಲೆಕ್ಕ ಹಾಕಿ ಹೊಂದಿಸಿರ್ತಾರೆ. ನಾವು ಕೋಣೆಯನ್ನೇ ಬದಲಿಸಿದರೆ ಲೂಪಿನ ಲೆಕ್ಕ ತಪ್ಪುತ್ತೆ. ಗದ್ದಲ ಕಳೆಯುವುದು ಕಮ್ಮಿಯಾಗುತ್ತೆ. ಇಂಥವಕ್ಕೆ ಕಂಪನಿಯದೇ ಪ್ಯಾಡ್ ಸಿಕ್ಕರೆ ಅದನ್ನೇ ಹಾಕೋದು ಕ್ಷೇಮ.

"ಅಷ್ಟೆಲ್ಲ ಯಾಕೆ?" ಅನ್ನುವವರಿಗೆ

ಈ ಬರಹದ ಮೊದಲ ಕರಡು ಓದಿದ ಗೆಳೆಯರು ಮೂರು ಪ್ರಶ್ನೆ ಎತ್ತಿದರು. ಮೂರೂ ನ್ಯಾಯವಾದವೇ.

ಮೊದಲನೇದು, "ಈಕ್ವಲೈಜರ್ ಇದೆಯಲ್ಲ, ಬೇಸ್ ಏರಿಸಿದರೆ ಆಯ್ತು." ಆಗಲ್ಲ. 12 ಡೆಸಿಬೆಲ್ ಏರಿಸಬೇಕಾದರೆ ಡ್ರೈವರಿಗೆ ಸುಮಾರು 16 ಪಟ್ಟು ಶಕ್ತಿ ತುಂಬಬೇಕು. ಪೊರೆ ತನ್ನ ಮಿತಿ ಮೀರಿ ಅಲುಗಾಡಿ ಸದ್ದು ಒಡೆಯುತ್ತೆ. ಅದಲ್ಲದೆ ಸೋರಿಕೆ ಒಂದೇ ಸಮ ಇರಲ್ಲ. ತಲೆ ತಿರುಗಿಸಿದರೆ ಒಂದು, ಕನ್ನಡಕ ಸರಿಸಿದರೆ ಇನ್ನೊಂದು. ತೂತು ಬಿದ್ದ ಬಕೆಟ್ಟಿಗೆ ನಲ್ಲಿ ಜೋರು ಮಾಡಿದ ಹಾಗಾಯ್ತು. ಮೊದಲು ತೂತು ಮುಚ್ಚಿ, ಆಮೇಲೆ ಈಕ್ವಲೈಜರ್ ಇರಲಿ.

ಎರಡನೇದು, "ಇದೆಲ್ಲ ದುಬಾರಿ ಹೆಡ್‌ಫೋನ್ ಇಟ್ಟವರ ಶೋಕಿ." ಶೋಕಿಯೂ ಇದೆ, ಇಲ್ಲ ಅನ್ನಲ್ಲ. ಸಾವಿರಾರು ರೂಪಾಯಿಯ ಕುರಿ ಚರ್ಮದ ಪ್ಯಾಡ್ ಹಾಕಿ, ಸದ್ದಿನ "ಆತ್ಮ" ಕಂಡೆ ಅನ್ನುವವರು ಇದ್ದಾರೆ. ಪ್ಯಾಡ್ ಸದ್ದು ಬದಲಿಸುತ್ತೆ ಅನ್ನೋದು ನಿಜ, ಬೆಲೆ ಹೆಚ್ಚಾದಷ್ಟೂ ಸದ್ದು ಒಳ್ಳೇದಾಗುತ್ತೆ ಅನ್ನೋದು ನಿಜವಲ್ಲ. ಬೇರೆ ಪ್ಯಾಡ್ ಅಂದರೆ ಬೇರೆ ಸದ್ದು ಅಷ್ಟೇ, ಅದು ಎಷ್ಟೋ ಸಲ ಮೂಲಕ್ಕಿಂತ ಕೆಟ್ಟದ್ದಾಗಿರುತ್ತೆ. ನಾವು ಹೇಳ್ತಿರೋದು ಶೋಕಿ ಮಾಡಿ ಅಂತಲ್ಲ, ರಿಪೇರಿ ಮಾಡಿ ಅಂತ.

ಮೂರನೇದು ನಮಗೂ ಕಷ್ಟದ ಪ್ರಶ್ನೆ. "ಹೆಡ್‌ಫೋನೇ ಸಾವಿರ ರೂಪಾಯಿ, ಪ್ಯಾಡಿಗೆ ನಾನೂರು ಯಾಕೆ ಹಾಕಲಿ?" ಅಗ್ಗದ ಎಷ್ಟೋ ಮಾಡೆಲ್‌ಗಳಲ್ಲಿ ಪ್ಯಾಡನ್ನ ಅಂಟಿಸಿಯೇ ಬಿಟ್ಟಿರ್ತಾರೆ, ತೆಗೆಯೋಕೆ ಹೋದರೆ ಕಪ್ಪೇ ಮುರಿಯುತ್ತೆ. ಅಂಥದಕ್ಕೆ ನಮ್ಮ ಹತ್ತಿರ ಒಳ್ಳೆ ಉತ್ತರ ಇಲ್ಲ. ಆದರೆ ಪ್ಯಾಡು ಕಳಚಿ ಬರುವಂತಿದ್ದರೆ ನಾನೂರು ಕೊಡೋದೇ ಸರಿ ಅಂತ ನಾವು ವಾದಿಸ್ತೀವಿ. ಸಾವಿರ ಕೊಟ್ಟು ತಂದ ಹೊಸದರ ಪ್ಯಾಡೂ ಅದೇ ರೆಕ್ಸಿನ್ನು, ಎರಡು ಮಳೆಗಾಲದ ನಂತರ ಅದೂ ಉದುರುತ್ತೆ. ಅಲ್ಲಿಗೆ ನಾವು ಹೆಡ್‌ಫೋನ್ ಕೊಳ್ಳುತ್ತಿಲ್ಲ, ಎರಡೆರಡು ವರ್ಷಕ್ಕೊಂದು ಪ್ಯಾಡ್ ಕೊಂಡು, ಅದರ ಜೊತೆ ತಾಮ್ರ, ಅಯಸ್ಕಾಂತ, ಬ್ಯಾಟರಿ ಎಲ್ಲವನ್ನೂ ಕಸಕ್ಕೆ ಹಾಕ್ತಾ ಇದ್ದೀವಿ.

ಬೇರೆ ಥರ ಮಾಡೋಕೆ ಆಗಲ್ಲ ಅಂತೇನಿಲ್ಲ. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ನಮ್ಮಲ್ಲಿ ಅನೇಕರಿಗಿಂತ ದೊಡ್ಡ ವಯಸ್ಸಿನದು, ಅದರ ಪ್ಯಾಡು, ವೈರು ಎಲ್ಲ ಬಿಡಿ ಬಿಡಿಯಾಗಿ ಬದಲಿಸಬಹುದು. 1991ರ ಸೋನಿ ಎಂಡಿಆರ್ 7506 ಇಂದಿಗೂ ಸ್ಟುಡಿಯೋಗಳಲ್ಲಿ ದುಡೀತಾ ಇದೆ, ಪ್ಯಾಡ್ ಹೋದಾಗ ಹೊಸದು ಹಾಕ್ಕೊಂಡು ಮುಂದುವರೀತಾರೆ. ದುಬಾರಿ ಮಾಡೆಲ್‌ಗೆ ಸಾಧ್ಯವಾದ ಈ ಮರ್ಯಾದೆ ಸಾವಿರ ರೂಪಾಯಿಯದಕ್ಕೂ ಸಿಗಬೇಕು ಅನ್ನೋದು ನಮ್ಮ ಒತ್ತಾಯ. ಕಳಚಿ ಹಾಕುವ ಪ್ಯಾಡು, ಪೆಟ್ಟಿಗೆ ಮೇಲೆ ಅದರ ಅಳತೆ, ಅಂಗಡಿಯಲ್ಲಿ ಬಿಡಿಭಾಗ, ಇದಕ್ಕೆ ಹೊಸ ಸಂಶೋಧನೆ ಏನೂ ಬೇಡ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರಿ ಪೋರ್ಟಲ್ ಶುರು ಮಾಡಿತು. ಮಾತು ಮೊಬೈಲು, ಫ್ರಿಡ್ಜು, ಟ್ರ್ಯಾಕ್ಟರಿಗೆ ನಿಲ್ಲದೆ ಕಿವಿವರೆಗೂ ಬರಲಿ. ಕೊಳ್ಳುವ ಮುಂಚೆ ಅಂಗಡಿಯವರನ್ನ "ಇದರ ಪ್ಯಾಡ್ ಬೇರೆ ಸಿಗುತ್ತಾ?" ಅಂತ ಕೇಳೋದು ನಾವು ಮಾಡಬಹುದಾದ ಅತಿ ಸುಲಭದ ಕೆಲಸ. ನೂರು ಜನ ಕೇಳಿದರೆ ಅವರೂ ಕಂಪನಿಯವರನ್ನ ಕೇಳ್ತಾರೆ.

ನಮ್ಮ ಕೈಯಲ್ಲಿರೋದು

ಹೊಸ ಪ್ಯಾಡ್ ಕೊಳ್ಳುವ ಮುಂಚೆ ಹಳೇದನ್ನ ಬಿಚ್ಚಿ ಹೊರಗಿನ ಅಳತೆ, ಒಳಬಾಯಿ, ಆಳ ಮೂರನ್ನೂ ಬರೆದಿಟ್ಟುಕೊಳ್ಳಿ. ಪ್ಯಾಡು ಕಪ್ಪಿಗೆ ಹೇಗೆ ಕೂತಿದೆ ನೋಡಿ, ಅಂಚಿನ ತುಟಿಯನ್ನ ಸೀಳಿನೊಳಗೆ ತೂರಿಸಿದ್ದಾ, ಪ್ಲಾಸ್ಟಿಕ್ ಬಳೆಯ ಕ್ಲಿಪ್ಪಾ, ಅಂಟಾ? ಬಲ ಎಡ ಒಂದೇ ದಪ್ಪವಾ, ಹಿಂದೆ ದಪ್ಪ ಮುಂದೆ ತೆಳುವಾ ಅಂತ ಗಮನಿಸಿ. ಡ್ರೈವರ್ ಮುಂದಿನ ತೆಳು ಬಟ್ಟೆ ಅಥವಾ ಸ್ಪಂಜಿನ ತುಂಡನ್ನ ಬಿಸಾಡಬೇಡಿ, ಅದೂ ಸದ್ದಿನ ಲೆಕ್ಕದಲ್ಲಿ ಇರುತ್ತೆ. ಹೊಸದು ಹಾಕಿದ ಮೇಲೆ ಅದೇ 50 ಹರ್ಟ್ಜ್ ಪರೀಕ್ಷೆ ಮಾಡಿ. ಕನ್ನಡಕದವರು ಮೆತ್ತನೆಯ ಫೋಮು ನೋಡಿ, ತೆಳು ಕಡ್ಡಿಯ ಫ್ರೇಮ್ ಇದ್ದರೆ ಇನ್ನೂ ಒಳ್ಳೇದು. ಕೇಳಿ ಮುಗಿದ ಮೇಲೆ ಪ್ಯಾಡಿನ ಬೆವರನ್ನ ಒಣಬಟ್ಟೆಯಿಂದ ಒರೆಸಿ. ಎಣ್ಣೆ ತಲೆಗೆ ಹೆಡ್‌ಫೋನ್ ಹಾಕಬೇಡಿ ಅಂತ ಹೇಳಬಹುದು, ಆದರೆ ಅಮ್ಮ ಊರಿಂದ ಕಳಿಸಿದ ಎಣ್ಣೆ ಹಚ್ಚಬೇಡಿ ಅಂತ ಹೇಳೋ ಧೈರ್ಯ ನಮಗಿಲ್ಲ!

ಇನ್ನೊಂದು ವಿಷಯ. ನಮ್ಮ ಲ್ಯಾಬುಗಳಲ್ಲಿ ಹತ್ತಾರು ಜನ ಹಾಕಿ ತೆಗೆಯುವ ಹೆಡ್‌ಸೆಟ್‌ಗಳ ಪ್ಯಾಡ್ ನೋಡಿದ್ದೀರಾ? ಒಳಗಿನ ಸ್ಪಂಜು ಹೊರಗೆ ಬಂದು, ಯಾರದ್ದೋ ಬೆವರು ಹೀರಿ ಕೂತಿರುತ್ತೆ. ಅದನ್ನ ಹಾಕ್ಕೊಂಡು ಕೇಳಿಸ್ಕೊಂಡು ಉತ್ತರ ಬರೆಯುವ ಆನ್‌ಲೈನ್ ಪರೀಕ್ಷೆಯಲ್ಲಿ, ಸದ್ದು ಸರಿಯಾಗಿ ಕೇಳದೆ ಅಂಕ ಕಳ್ಕೊಂಡವರೂ ನಮ್ಮಲ್ಲಿದ್ದಾರೆ. ಹೊಸ ಹೆಡ್‌ಸೆಟ್‌ಗೆ ಬಜೆಟ್ ಇಲ್ಲ ಅಂದರೆ ಒಪ್ಪಿಕೊಳ್ಳೋಣ, ಪ್ಯಾಡಿಗೆ ಬಜೆಟ್ ಕೇಳೋಣ.

ಸಂಘದ ಕಡೆಯಿಂದ ನಾವು ಒಂದು ಸಣ್ಣ ಕೆಲಸಕ್ಕೆ ಕೈ ಹಾಕಿದ್ದೀವಿ. ಇಂಟರ್ನಲ್ಸ್ ಮುಗಿದ ಮೇಲಿನ ಮೊದಲ ಶನಿವಾರ ಮಧ್ಯಾಹ್ನ ಸಂಘದ ರೂಮಿಗೆ ನಿಮ್ಮ ಸಿಪ್ಪೆ ಎದ್ದ ಹೆಡ್‌ಫೋನ್ ತನ್ನಿ. ಸ್ಕೇಲು, ಸ್ಕ್ರೂಡ್ರೈವರು, ಟೋನ್ ಜನರೇಟರು ನಮ್ಮಲ್ಲಿದೆ. ಅಳತೆ ಬರೆದುಕೊಂಡು, ಎಲ್ಲರದ್ದನ್ನೂ ಸೇರಿಸಿ ಒಟ್ಟಿಗೆ ಪ್ಯಾಡ್ ತರಿಸೋಣ, ಅಗ್ಗವಾಗುತ್ತೆ. ಕಪಾಟಿನ ಮೇಲೆ ಧೂಳು ಹಿಡಿದಿರೋದನ್ನೂ ಇಳಿಸಿ ತನ್ನಿ. ಕಳೆದ ರಜೆಯಲ್ಲಿ ನಾವು ಗುಡ್ಡೆ ಹಾಕಿದ್ದರಲ್ಲಿ ನಾಲ್ಕಕ್ಕೆ ಹೊಸ ಪ್ಯಾಡ್ ಹಾಕಿದ್ದೀವಿ, ಅದರಲ್ಲೊಂದನ್ನ ಹಾಕ್ಕೊಂಡೇ ಈ ಬರಹದ ಕೊನೇ ಸಾಲುಗಳನ್ನ ಬರೀತಾ ಇದ್ದೀವಿ. ವಾಲ್ಯೂಮ್ ಮೊದಲಿಗಿಂತ ಮೂರು ಗೆರೆ ಕೆಳಗಿದೆ.